ಫಸ್ಟ್ ಇಯರ್ ಇಂಜಿನಿಯರಿಂಗ್: ಮೊದಲ ಇಂಟರ್ನಲ್ಸ್‌ಗಿಂತ ಮುಂಚೆ ಗೊತ್ತಿರಬೇಕಾದ ವಿಷಯಗಳು

ಮೊದಲ ಇಂಟರ್ನಲ್ಸ್‌ನಲ್ಲಿ, ಅಂದರೆ ಸೆಮಿಸ್ಟರ್ ನಡುವೆ ಕಾಲೇಜೇ ನಡೆಸುವ ಪರೀಕ್ಷೆಯಲ್ಲಿ, ಗಣಿತಕ್ಕೆ ನನಗೆ ಬಂದಿದ್ದು 25ಕ್ಕೆ 7. ಪಿಯುಸಿಯಲ್ಲಿ ಅದೇ ಗಣಿತಕ್ಕೆ 94 ತೆಗೆದಿದ್ದವನು ನಾನು. ಮೇಡಂ ಬ್ಲೂ ಬುಕ್ (ಇಂಟರ್ನಲ್ಸ್‌ನ ಉತ್ತರ ಪುಸ್ತಕ) ಕೊಡುವಾಗ ಬೈಯುತ್ತಾರೆ ಅಂತ ತಲೆ ತಗ್ಗಿಸಿಕೊಂಡೇ ಹೋದೆ. ಅವರು "ನೋಡ್ಕೊಂಡು ಸೈನ್ ಮಾಡಿ ವಾಪಸ್ ಕೊಡಿ, ನೆಕ್ಸ್ಟ್" ಅಂದರು. ಅಷ್ಟೇ. ಪಿಯು ಕಾಲೇಜಾಗಿದ್ದರೆ ಅಷ್ಟು ಹೊತ್ತಿಗೆ ಅಪ್ಪನಿಗೆ ಫೋನ್ ಹೋಗಿರುತ್ತಿತ್ತು. ಪಿಯುವರೆಗೂ ಯಾರಾದರೂ ಒಬ್ಬರು ನಮ್ಮ ಬೆನ್ನು ಹತ್ತಿರುತ್ತಾರೆ. ಇಲ್ಲಿ ಯಾರೂ ಹತ್ತುವುದಿಲ್ಲ, ಬೇಕಾದ್ದಕ್ಕೆ ನಾವೇ ಇನ್ನೊಬ್ಬರ ಬೆನ್ನು ಹತ್ತಬೇಕು. ಇಷ್ಟು ಅರ್ಥ ಆಗುವುದಕ್ಕೆ ನನಗೆ ಒಂದು ಪೂರ್ತಿ ಸೆಮಿಸ್ಟರ್ ಹಿಡಿಯಿತು.

ಸಿಇಟಿ ಬರೆದು, ಊರು ಬಿಟ್ಟು, ಬೆಂಗಳೂರಿಗೋ ಮೈಸೂರಿಗೋ ಬಂದು ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜು ಸೇರಿದವರನ್ನು ಮನಸ್ಸಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ನಿಮ್ಮದು ಪರೀಕ್ಷೆಯನ್ನು ತಾನೇ ನಡೆಸುವ ಅಟಾನಮಸ್ ಕಾಲೇಜಾಗಿದ್ದರೆ ಅಂಕದ ಲೆಕ್ಕ ಸ್ವಲ್ಪ ಬೇರೆ ಇರಬಹುದು, ಉಳಿದದ್ದೆಲ್ಲ ಒಂದೇ.

ಮೊದಲು ಅಟೆಂಡೆನ್ಸ್. ವಿಟಿಯುನಲ್ಲಿ ಶೇ. 85 ಬೇಕು, ಅದೂ ಒಂದೊಂದು ಸಬ್ಜೆಕ್ಟಿಗೂ ಬೇರೆ ಬೇರೆಯಾಗಿ. 15 ಪರ್ಸೆಂಟ್ ರಜಾ ಅಂದರೆ ತುಂಬಾ ಇದೆ ಅನ್ನಿಸುತ್ತದೆ ಅಲ್ವಾ? ಲೆಕ್ಕ ಹಾಕಿ ನೋಡಿ. ಒಂದು ಸಬ್ಜೆಕ್ಟಿಗೆ ಸೆಮಿಸ್ಟರ್ ಪೂರ್ತಿ 40 ಕ್ಲಾಸ್ ನಡೆದರೆ ನೀವು ಬಿಡಬಹುದಾದದ್ದು ಬರೀ 6. ಹಬ್ಬಕ್ಕೆ ಊರಿಗೆ ಹೋಗಿ ಸೋಮವಾರದ ಬದಲು ಬುಧವಾರ ಬಂದರೆ 2 ಹೋಯಿತು. ಒಂದು ವಾರ ವೈರಲ್ ಜ್ವರ ಬಂದರೆ 3 ಹೋಯಿತು. ಉಳಿದದ್ದು ಒಂದು. ಅದನ್ನು ಯಾವುದೋ ಮಾಸ್ ಬಂಕ್‌ಗೆ ಕಳೆದುಕೊಂಡರೆ ಮುಗಿಯಿತು, ಇನ್ನೊಂದು ಕ್ಲಾಸ್ ತಪ್ಪಿ ಶಾರ್ಟೇಜ್ ಲಿಸ್ಟಿನಲ್ಲಿ ಹೆಸರು ಬಂದಾಗ ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ರೂಮಿನ ಹೊರಗೆ ಅಪ್ಪನನ್ನು ನಿಲ್ಲಿಸಬೇಕಾಗುತ್ತದೆ. ನಮ್ಮ ಕ್ಲಾಸಿನಲ್ಲಿ ಒಬ್ಬ ಹಾಗೆ ನಿಲ್ಲಿಸಿದ. ಅವರಪ್ಪ ರಾತ್ರಿ ಬಸ್ಸಿಗೆ ಬಂದು, ಮೆಜೆಸ್ಟಿಕ್‌ನಲ್ಲಿ ಮುಖ ತೊಳೆದುಕೊಂಡು, ನೇರ ಕಾಲೇಜಿಗೆ ಬಂದಿದ್ದರು. ಆ ದಿನ ಅವನ ಮುಖ ನೋಡುವುದಕ್ಕೆ ನಮಗೇ ಆಗಲಿಲ್ಲ.

ಜ್ವರ ಬಂದರೆ ಡಾಕ್ಟರ್ ಚೀಟಿಯನ್ನು ಅದೇ ವಾರ ಮೆಂಟರ್‌ಗೆ (ನಿಮ್ಮನ್ನು ನೋಡಿಕೊಳ್ಳುವುದಕ್ಕೆ ಕಾಲೇಜು ನೇಮಿಸಿದ ಲೆಕ್ಚರರ್) ಕೊಟ್ಟುಬಿಡಿ. ಸೆಮಿಸ್ಟರ್ ಕೊನೆಯಲ್ಲಿ ತಗೊಂಡು ಹೋದ ಮೆಡಿಕಲ್ ಸರ್ಟಿಫಿಕೇಟನ್ನು ಯಾರೂ ಪೂರ್ತಿ ನಂಬುವುದಿಲ್ಲ, ನಿಜವಾದದ್ದಾಗಿದ್ದರೂ.

ಇನ್ನು ಅಂಕದ ಲೆಕ್ಕ. ಇದನ್ನು ಮೊದಲ ವಾರದಲ್ಲೇ ತಿಳಿದುಕೊಂಡವರು ಮತ್ತು ಮೂರನೇ ತಿಂಗಳಲ್ಲಿ ತಿಳಿದುಕೊಂಡವರ ನಡುವೆ ಬಹಳ ವ್ಯತ್ಯಾಸ ಇದೆ. 2022ರ ಸ್ಕೀಮ್‌ನಲ್ಲಿ (ಸ್ಕೀಮ್ ಅಂದರೆ ವಿಟಿಯು ಆ ವರ್ಷ ತಂದ ಸಿಲಬಸ್ ಮತ್ತು ಅಂಕದ ನಿಯಮ) ಥಿಯರಿ ಸಬ್ಜೆಕ್ಟಿಗೆ ಇಂಟರ್ನಲ್ಸ್‌ಗೆ ಟೆಸ್ಟು, ಅಸೈನ್‌ಮೆಂಟು ಎಲ್ಲ ಸೇರಿ 50, ಕೊನೆಯ ಪರೀಕ್ಷೆಗೆ 50. ಇಂಟರ್ನಲ್ಸ್‌ನ 50ರಲ್ಲಿ ಕನಿಷ್ಠ 20 ಬಾರದಿದ್ದರೆ ಆ ಸಬ್ಜೆಕ್ಟಿನ ಮುಖ್ಯ ಪರೀಕ್ಷೆಗೆ ಕೂರುವುದಕ್ಕೇ ಬಿಡುವುದಿಲ್ಲ. ಅಂದರೆ "ಇಂಟರ್ನಲ್ಸ್ ತಾನೇ, ಫೈನಲ್‌ನಲ್ಲಿ ನೋಡ್ಕೋತೀನಿ" ಅನ್ನುವ ಪಿಯುಸಿ ಧೈರ್ಯ ಇಲ್ಲಿ ನಡೆಯುವುದಿಲ್ಲ. ಮುಖ್ಯ ಪರೀಕ್ಷೆಯನ್ನು 100 ಅಂಕಕ್ಕೆ ಬರೆಸಿ 50ಕ್ಕೆ ಇಳಿಸುತ್ತಾರೆ. ಅದರಲ್ಲಿ 100ಕ್ಕೆ 35 ಆದರೂ ಬೇಕು, ಎರಡೂ ಸೇರಿಸಿದಾಗ 40 ಆಗಬೇಕು. ನಿಮ್ಮದು ಯಾವ ಸ್ಕೀಮ್ ಅಂತ ಕ್ಲಾಸ್ ಟೀಚರ್ ಹತ್ತಿರ ಕೇಳಿ, ಸಿಲಬಸ್ ಪಿಡಿಎಫ್ ಇಳಿಸಿಕೊಂಡು ಫೋನಿನಲ್ಲಿ ಇಟ್ಟುಕೊಳ್ಳಿ.

ಆ ಪಿಡಿಎಫ್ ತೆರೆದರೆ ಹೆಚ್ಚಿನ ಥಿಯರಿ ಸಬ್ಜೆಕ್ಟುಗಳಲ್ಲಿ 5 ಮಾಡ್ಯೂಲ್ (ಪಾಠದ ಭಾಗ) ಕಾಣುತ್ತವೆ. ಪ್ರಶ್ನೆಪತ್ರಿಕೆಯಲ್ಲಿ 10 ಪ್ರಶ್ನೆ, ಒಂದೊಂದಕ್ಕೆ 20 ಅಂಕ, ಒಂದು ಮಾಡ್ಯೂಲಿನಿಂದ ಎರಡು ಪ್ರಶ್ನೆ, ಅದರಲ್ಲಿ ಒಂದು ಬರೆದರೆ ಸಾಕು. ಹಾಗಾಗಿ ಒಂದು ಮಾಡ್ಯೂಲನ್ನು ಪೂರ್ತಿ ಬಿಟ್ಟರೆ 20 ಅಂಕ ಕೈಬಿಟ್ಟ ಹಾಗೆ, ಇನ್ನೊಂದರಲ್ಲಿ ಎಷ್ಟು ಬರೆದರೂ ಅದು ತುಂಬುವುದಿಲ್ಲ. ನಾನು ಮಾಡಿದ ತಪ್ಪು ಇದೇ. ಮೊದಲ ಎರಡು ಮಾಡ್ಯೂಲನ್ನು ಗಿಳಿಪಾಠ ಮಾಡಿ, ಕೊನೆಯ ಎರಡನ್ನು ಪರೀಕ್ಷೆಯ ಹಿಂದಿನ ರಾತ್ರಿ ಮೊದಲ ಸಲ ತೆರೆದೆ. ಐದನ್ನೂ ಅರ್ಧರ್ಧ ಓದಿದ್ದ ನನ್ನ ರೂಮ್‌ಮೇಟ್ ಆರಾಮಾಗಿ ಪಾಸಾದ. ಹಳೇ ಪ್ರಶ್ನೆಪತ್ರಿಕೆಗಳನ್ನು ಮೊದಲ ತಿಂಗಳಲ್ಲೇ ನೋಡಿ. ಉತ್ತರ ಬರಬೇಕು ಅಂತಲ್ಲ, ಪ್ರಶ್ನೆ ಹೇಗೆ ಕೇಳುತ್ತಾರೆ ಅಂತ ಗೊತ್ತಾಗಲಿ ಅಂತ.

ಇಲ್ಲಿಗೆ ಇಂಗ್ಲಿಷ್ ವಿಷಯ ಬಂತು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಪಿಯುನಲ್ಲೇ ಮೊದಲ ಏಟು ಬಿದ್ದಿರುತ್ತದೆ. ಜಡತ್ವ ಇನರ್ಷಿಯಾ ಆಗಿರುತ್ತದೆ, ವೇಗೋತ್ಕರ್ಷ ಆಕ್ಸಲರೇಷನ್ ಆಗಿರುತ್ತದೆ. ಆದರೂ ನಮ್ಮ ಕಡೆ ಪಿಯು ಲೆಕ್ಚರರ್‌ಗಳು ಬೋರ್ಡಿನಲ್ಲಿ ಇಂಗ್ಲಿಷ್ ಬರೆದು ಬಾಯಲ್ಲಿ ಕನ್ನಡದಲ್ಲೇ ವಿವರಿಸುತ್ತಿದ್ದರು. ಇಲ್ಲಿ ಕ್ಲಾಸಿನಲ್ಲಿ ಕೇರಳದವರು, ಆಂಧ್ರದವರು, ಬಿಹಾರದವರು ಎಲ್ಲ ಇರುತ್ತಾರೆ, ಹಾಗಾಗಿ ಬೋರ್ಡೂ ಇಂಗ್ಲಿಷ್, ಬಾಯೂ ಇಂಗ್ಲಿಷ್. ಮೊದಲ ಮೂರು ವಾರ ನಾನು ಸುಮ್ನೆ ತಲೆ ಆಡಿಸಿದೆ.

ನನಗೆ ಉಪಯೋಗಕ್ಕೆ ಬಂದದ್ದು ಎರಡೇ. ಒಂದು, ಕ್ಲಾಸ್ ಮುಗಿದ ಕೂಡಲೇ ಲೆಕ್ಚರರ್ ಬಾಗಿಲು ದಾಟುವ ಮೊದಲು ಹೋಗಿ ಕನ್ನಡದಲ್ಲೇ ಕೇಳುವುದು. "ಸರ್, ಆ ಮೂರನೇ ಸ್ಟೆಪ್ ಹೇಗೆ ಬಂತು?" ಅಂದರೆ ಸಾಕು. ಅವರಲ್ಲಿ ಅರ್ಧಕ್ಕರ್ಧ ಜನ ದಾವಣಗೆರೆಯವರೋ ಮಂಡ್ಯದವರೋ ಆಗಿರುತ್ತಾರೆ, ಕ್ಲಾಸಿನಲ್ಲಿ ಬಿಗಿಯಾಗಿದ್ದವರು ಕಾರಿಡಾರಿನಲ್ಲಿ ಬೇರೆಯೇ ಮನುಷ್ಯರು. ಇನ್ನೊಂದು, ಪ್ರಶ್ನೆಯಲ್ಲಿ ಬರುವ ಕ್ರಿಯಾಪದಗಳ ಪಟ್ಟಿ. ದೊಡ್ಡ ಡಿಕ್ಷನರಿ ಬೇಡ. ಡಿರೈವ್ ಅಂದರೆ ಸೂತ್ರವನ್ನು ಹೆಜ್ಜೆ ಹೆಜ್ಜೆಯಾಗಿ ತರಬೇಕು. ಇಲಸ್ಟ್ರೇಟ್ ಅಂದರೆ ಉದಾಹರಣೆ ಇರಲೇಬೇಕು. "ವಿತ್ ಎ ನೀಟ್ ಡಯಾಗ್ರಾಮ್" ಅಂತ ಇದ್ದರೆ ಚಿತ್ರಕ್ಕೇ ಅಂಕ ಇದೆ ಅಂತ ಅರ್ಥ, ಎರಡು ಪುಟ ಬರೆದು ಚಿತ್ರ ಬಿಟ್ಟರೆ ಕತ್ತರಿ ಬೀಳುತ್ತದೆ. ಇಂಥ ಹದಿನೈದು ಇಪ್ಪತ್ತು ಪದ ನೋಟ್‌ಬುಕ್ಕಿನ ಕೊನೆ ಪುಟದಲ್ಲಿ ಬರೆದಿಟ್ಟುಕೊಂಡಿದ್ದೆ. ಎರಡನೇ ಇಂಟರ್ನಲ್ಸ್‌ಗೆ 17 ಬಂತು. ಮಾತಾಡುವ ಇಂಗ್ಲಿಷ್ ತಾನಾಗಿಯೇ ಬರುತ್ತದೆ, ಅದಕ್ಕೆ ಕೋರ್ಸಿಗೆ ದುಡ್ಡು ಸುರಿಯಬೇಡಿ.

ಲ್ಯಾಬ್ ರೆಕಾರ್ಡ್ ಆ ವಾರದ್ದು ಆ ವಾರವೇ ಬರೆದು ಸೈನ್ ಹಾಕಿಸಿಕೊಳ್ಳಿ. ಇದಕ್ಕೆ ವಿವರಣೆ ಬೇಕಾಗಿಲ್ಲ, ಒಂದೇ ರಾತ್ರಿ ಎಂಟು ಪ್ರಯೋಗ ಬರೆದವರನ್ನು ಕೇಳಿ.

ಸೀನಿಯರ್‌ಗಳ ಬಗ್ಗೆ ಹೆದರಿಕೆ ಜಾಸ್ತಿ ಇರುತ್ತದೆ. ನನಗೆ ಸಿಕ್ಕವರು ನೋಟ್ಸ್, ಡ್ರಾಯಿಂಗ್ ಸಾಮಾನು, ಲ್ಯಾಬ್ ಕೋಟ್ ಎಲ್ಲ ಕೊಟ್ಟರು, ಬದಲಿಗೆ ಒಂದು ಕಾಫಿ ಕೊಡಿಸಿದೆ. ಹೆಸರು, ಊರು ಕೇಳುವುದು ಬೇರೆ. ಹಾಡು, ಕುಣಿ, ರಾತ್ರಿ ರೂಮಿಗೆ ಬಾ, ದುಡ್ಡು ಕೊಡು ಅನ್ನುವುದು ರ್‍ಯಾಗಿಂಗ್. ಅದನ್ನು "ಇಂಟ್ರೊಡಕ್ಷನ್" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಯುಜಿಸಿಯ ರ್‍ಯಾಗಿಂಗ್ ವಿರೋಧಿ ಸಹಾಯವಾಣಿ 1800-180-5522, ಹಗಲು ರಾತ್ರಿ ಇರುತ್ತದೆ. ಕಾಲೇಜಿನಲ್ಲೂ ಇದಕ್ಕೊಂದು ಸಮಿತಿ ಇರಲೇಬೇಕು, ಅದರ ನಂಬರ್ ನೋಟಿಸ್ ಬೋರ್ಡಿನಲ್ಲಿ ಹುಡುಕಿ.

ದುಡ್ಡಿನ ವಿಷಯ. ಪಿಜಿಗೆ ಅಡ್ವಾನ್ಸ್ ಕೊಡುವ ಮೊದಲು, ಬಿಟ್ಟು ಹೋಗುವಾಗ ಎಷ್ಟು ಹಿಡಿದುಕೊಳ್ಳುತ್ತಾರೆ, ಎಷ್ಟು ದಿನ ಮುಂಚೆ ಹೇಳಬೇಕು ಅನ್ನುವುದನ್ನು ವಾಟ್ಸಾಪ್‌ನಲ್ಲಾದರೂ ಬರೆಸಿಕೊಳ್ಳಿ. ಬಾಯಿ ಮಾತಿಗೆ ನನ್ನ ಒಂದು ತಿಂಗಳ ಬಾಡಿಗೆ ಹೋಯಿತು. ಒಂದು ಹೊತ್ತು ಅಲ್ಲೇ ಊಟ ಮಾಡಿ ನೋಡಿ, ಆಮೇಲೆ ಸೇರಿ. ಸ್ಕಾಲರ್‌ಶಿಪ್‌ಗೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ (ಸ್ಟೇಟ್ ಸ್ಕಾಲರ್‌ಶಿಪ್ ಪೋರ್ಟಲ್) ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಜಾತಿ ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ ಊರಲ್ಲಿದ್ದಾಗಲೇ ಮಾಡಿಸಿಕೊಂಡು ಬನ್ನಿ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತ ಬ್ಯಾಂಕಿನಲ್ಲೇ ಕೇಳಿ. ಅರ್ಜಿ ಸರಿ ಇದ್ದೂ ದುಡ್ಡು ಬಾರದವರಲ್ಲಿ ಎಷ್ಟೋ ಜನರಿಗೆ ಇದೇ ತೊಡಕು. ಹುಡುಗಿಯರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ ಉಚಿತ. ಹುಡುಗರು ವಿದ್ಯಾರ್ಥಿ ಪಾಸ್ ಮಾಡಿಸಿಕೊಳ್ಳಿ, ಅರ್ಜಿ ಆನ್‌ಲೈನ್‌ನಲ್ಲೇ.

ಊರಿನ ನೆನಪು ಎಲ್ಲರಿಗೂ ಬರುತ್ತದೆ, ಹೇಳಿಕೊಳ್ಳುವವರು ಕಡಿಮೆ. ನನಗೆ ಭಾನುವಾರ ಸಂಜೆ ಬರುತ್ತಿತ್ತು, ಪಿಜಿಯ ಪಕ್ಕದ ಮನೆಯಲ್ಲಿ ಒಗ್ಗರಣೆ ಹಾಕುವ ಹೊತ್ತಿಗೆ ಸರಿಯಾಗಿ. ಅಮ್ಮ ಫೋನ್ ಮಾಡಿ "ಊಟ ಆಯ್ತಾ?" ಅಂದರೆ "ಹ್ಞೂಂ" ಅಂದು ಇಟ್ಟುಬಿಡುತ್ತಿದ್ದೆ, ಇನ್ನೊಂದು ಮಾತಾಡಿದರೆ ದನಿ ಒಡೆಯುತ್ತದೆ ಅಂತ. ಆ ಹೊತ್ತಿಗೆ ರೂಮಿನಲ್ಲಿ ಕೂರಬಾರದು ಅಂತ ಆಮೇಲೆ ಗೊತ್ತಾಯಿತು. ಈಗ ಭಾನುವಾರ ಸಂಜೆ ವಾಲಿಬಾಲ್, ಆಡುವುದಕ್ಕೆ ಬರದಿದ್ದರೂ. ಎರಡು ಮೂರು ವಾರ ಆದರೂ ನಿದ್ದೆ, ಊಟ ಸರಿ ಹೋಗದಿದ್ದರೆ, ಬದುಕೇ ಬೇಡ ಅನ್ನಿಸಿದರೆ ತಕ್ಷಣ, 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮೊದಲ ಹಬ್ಬಕ್ಕೆ ಊರಿಗೆ ಹೊರಟಾಗ ಕೆಎಸ್‌ಆರ್‌ಟಿಸಿ ಸೀಟನ್ನು ಆದಷ್ಟು ಮುಂಚೆ ಬುಕ್ ಮಾಡಿ, ಕೊನೇ ದಿನ ಖಾಸಗಿ ಬಸ್ಸಿನವರು ಹೇಳುವ ರೇಟಿಗೆ ತಲೆ ತಿರುಗುತ್ತದೆ. ವಾಪಸ್ ಬರುವ ಟಿಕೆಟ್ ಕೂಡ ಆಗಲೇ ಮಾಡಿ. ಅದು ಸೋಮವಾರ ಬೆಳಗ್ಗೆ ಕ್ಲಾಸಿಗೆ ಮುಟ್ಟಿಸುವ ಬಸ್ಸಾಗಿರಲಿ, ಮೇಲೆ ಹೇಳಿದ ಆ 6ರ ಲೆಕ್ಕ ಗೊತ್ತಲ್ಲ.