ಪುಸ್ತಕ ಮುಚ್ಚಿ ಕಲಿಯುವ ಕ್ರಮ: ಇಂಗ್ಲಿಷಿಗೂ ಗಣಿತಕ್ಕೂ

ಕನ್ನಡ ಮಾಧ್ಯಮದ ಎಸ್ಸೆಸ್ಸೆಲ್ಸಿ ಮಕ್ಕಳಲ್ಲಿ ಅನೇಕರು ಇಂಗ್ಲಿಷಿಗೂ ಗಣಿತಕ್ಕೂ ಒಂದೇ ರೀತಿ ತಯಾರಾಗುತ್ತಾರೆ. ನೋಟ್ಸನ್ನು ಮತ್ತೆ ಮತ್ತೆ ಓದುತ್ತಾರೆ, ಬಿಡಿಸಿದ ಲೆಕ್ಕದ ಮೇಲೆ ಮತ್ತೆ ಕಣ್ಣಾಡಿಸುತ್ತಾರೆ. ಎರಡನೇ ಸಲ ಓದುವಾಗ ಸಾಲುಗಳು ಪರಿಚಿತ ಅನ್ನಿಸುತ್ತವೆ, ಆ ಪರಿಚಯವನ್ನೇ ಕಲಿತದ್ದು ಅಂದುಕೊಳ್ಳುತ್ತೇವೆ. 2006ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕಿ ಇದನ್ನು ಪರೀಕ್ಷಿಸಿ ನೋಡಿದರು. ಐದು ನಿಮಿಷದ ನಂತರ ಕೇಳಿದಾಗ ಪಾಠವನ್ನು ಮತ್ತೆ ಓದಿದವರು ಮುಂದಿದ್ದರು. ವಾರ ಬಿಟ್ಟು ಕೇಳಿದಾಗ, ಓದಿದ ಮೇಲೆ ಪಾಠ ನೋಡದೆ ನೆನಪಿನಿಂದ ಬರೆದವರು ಮುಂದಿದ್ದರು. ಪರೀಕ್ಷೆ ಐದು ನಿಮಿಷದಲ್ಲಿ ಬರುವುದಿಲ್ಲವಲ್ಲ!

ಹಾಗಾಗಿ ಮೊದಲು ಮಾಡಬೇಕಾದದ್ದು ಇಷ್ಟು. ಇಪ್ಪತ್ತು ನಿಮಿಷ ಓದಿ, ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ಹತ್ತು ನಿಮಿಷ ನೆನಪಿದ್ದದ್ದನ್ನೆಲ್ಲ ಬರೆಯಿರಿ. ಆಮೇಲೆ ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ಕೆಂಪು ಪೆನ್ನಿನಲ್ಲಿ ಸೇರಿಸಿ. ಮರುದಿನ ಪುಸ್ತಕ ಮುಟ್ಟುವ ಮೊದಲು ಆ ಕೆಂಪು ಭಾಗವನ್ನು ಮಾತ್ರ ಮತ್ತೆ ನೆನಪಿನಿಂದ ಬರೆಯಿರಿ. ಇದು ಹೆಚ್ಚಾಗಿ ಕೆಡುವುದು ಒಂದೇ ಕಡೆ: ನೆನಪಾಗದ ತಕ್ಷಣ ಪುಟ ತೆರೆದುಬಿಡುತ್ತೇವೆ. ಅರ್ಧ ನಿಮಿಷವಾದರೂ ತಡಕಾಡಿ. ಆ ತಡಕಾಟವೇ ನೆನಪನ್ನು ಗಟ್ಟಿ ಮಾಡುತ್ತದೆ.

ಇನ್ನು ಇಂಗ್ಲಿಷ್. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಇಂಗ್ಲಿಷಿನಲ್ಲಿ ಕರ್ತೃವಿನ ಬೆನ್ನಿಗೇ ಬರುತ್ತದೆ. ಕನ್ನಡದ ಪದಗಳನ್ನು ಬಂದ ಸಾಲಿನಲ್ಲೇ ಇಂಗ್ಲಿಷಿಗೆ ತಂದರೆ ವಾಕ್ಯ ಕುಸಿಯುತ್ತದೆ. ಅದಕ್ಕೊಂದು ಸರಳ ಅಭ್ಯಾಸವಿದೆ: ಕರ್ತೃವನ್ನು ಹೇಳಿ, ಕನ್ನಡ ವಾಕ್ಯದ ಬಾಲಕ್ಕೆ ಹೋಗಿ, ಅಲ್ಲಿಂದ ಹಿಂದಕ್ಕೆ ಬನ್ನಿ. ‘ನಮ್ಮಪ್ಪ / ನಿನ್ನೆ / ಸಂತೆಯಲ್ಲಿ / ಎರಡು ಕುರಿ / ಕೊಂಡರು’ ಎಂಬುದು ‘ಮೈ ಫಾದರ್ / ಬಾಟ್ / ಟೂ ಶೀಪ್ / ಅಟ್ ದ ಮಾರ್ಕೆಟ್ / ಯೆಸ್ಟರ್‌ಡೇ’ ಆಗುತ್ತದೆ. ದಿನಕ್ಕೆ ಐದು ವಾಕ್ಯವನ್ನು ಹೀಗೆ ಗೀಟು ಹಾಕಿ ತುಂಡರಿಸಿ, ಜೋರಾಗಿ ಹೇಳಿ, ಆಮೇಲೆ ಬರೆಯಿರಿ.

ತುಂಡಿನ ಒಳಗಡೆ ಕ್ರಮ ತಿರುಗಿಸಬೇಡಿ: ‘ಎರಡು ಕುರಿ’ ‘ಟೂ ಶೀಪ್’ ಆಗಿಯೇ ಉಳಿಯಿತು, ‘ದೊಡ್ಡ ಮನೆ’ಯೂ ‘ಬಿಗ್ ಹೌಸ್’ ಆಗಿಯೇ ಉಳಿಯುತ್ತದೆ. ಆದರೆ ವಿಶೇಷಣದ ಜಾಗದಲ್ಲಿ ಕ್ರಿಯೆ ಇದ್ದರೆ ತಿರುಗುತ್ತದೆ. ‘ನೀನು ಕೊಟ್ಟ ಪುಸ್ತಕ’ದಲ್ಲಿ ಪುಸ್ತಕ ಮೊದಲು ಬಂದು ‘ದ ಬುಕ್ ಯೂ ಗೇವ್’ ಆಗುತ್ತದೆ. ಪ್ರಶ್ನೆಗಳಿಗೆ ಈ ಕ್ರಮ ಸಾಲದು, ಅವನ್ನು ಬೇರೆಯಾಗಿಯೇ ರೂಢಿ ಮಾಡಿಕೊಳ್ಳಬೇಕು.

ಪದಪಟ್ಟಿ ಉರು ಹೊಡೆಯುವುದನ್ನು ಬಿಡಿ. ‘ಆಂಗ್ರಿ ಅಂದರೆ ಸಿಟ್ಟು’ ಎಂದು ಕಲಿತವರೇ ಮುಂದೆ ‘ಆಂಗ್ರಿ ಆನ್ ಮಿ’ ಅನ್ನುವುದು, ಏಕೆಂದರೆ ಕನ್ನಡದಲ್ಲಿ ‘ನನ್ನ ಮೇಲೆ ಸಿಟ್ಟು’. ಕಾರ್ಡಿನ ಒಂದು ಬದಿಗೆ ‘ಅವನಿಗೆ ನನ್ನ ಮೇಲೆ ಸಿಟ್ಟು’, ಇನ್ನೊಂದು ಬದಿಗೆ ‘ಹಿ ಈಸ್ ಆಂಗ್ರಿ ವಿತ್ ಮಿ’ ಎಂದು ಇಡೀ ವಾಕ್ಯ ಬರೆಯಿರಿ. ‘ಒಂದು ವಿಷಯದ ಬಗ್ಗೆ ಚರ್ಚಿಸಿದೆವು’ ಅನ್ನುವಲ್ಲಿ ಇಂಗ್ಲಿಷಿಗೆ ‘ಅಬೌಟ್’ ಬೇಡ, ‘ನನಗೆ ಹಸಿವಾಗಿದೆ’ ಅನ್ನುವಲ್ಲಿ ‘ನನಗೆ’ ಎಂಬುದು ‘ಐ’ ಆಗುತ್ತದೆ. ಎರಡು ಭಾಷೆ ಎಲ್ಲಿ ಬೇರೆ ದಾರಿ ಹಿಡಿಯುತ್ತವೋ ಅಂಥ ಜಾಗಗಳಿಗೇ ಕಾರ್ಡು ಮೀಸಲಿಡಿ. ಯಾವಾಗಲೂ ಕನ್ನಡದ ಬದಿ ನೋಡಿ ಇಂಗ್ಲಿಷ್ ಹೇಳಿ. ಉಲ್ಟಾ ಮಾಡಿದರೆ ಓದಿ ಅರ್ಥ ಮಾಡಿಕೊಳ್ಳಲು ಬರುತ್ತದೆ, ಮಾತಾಡಲು ಬರುವುದಿಲ್ಲ.

ಕಾರ್ಡುಗಳಿಗೆ ಐದು ಡಬ್ಬ ಸಾಕು. 1970ರ ದಶಕದಲ್ಲಿ ಸೆಬಾಸ್ಟಿಯನ್ ಲೈಟ್ನರ್ ಜನಪ್ರಿಯಗೊಳಿಸಿದ ಪದ್ಧತಿ ಇದು. ಹೊಸ ಕಾರ್ಡನ್ನು ಮೊದಲ ಡಬ್ಬಕ್ಕೆ ಹಾಕಿ. ಮೊದಲ ಡಬ್ಬದ ಕಾರ್ಡನ್ನು ಒಂದು ದಿನ ಬಿಟ್ಟು, ನಂತರದ ಡಬ್ಬಗಳವನ್ನು ಎರಡು, ನಾಲ್ಕು, ಏಳು, ಹದಿನಾಲ್ಕು ದಿನ ಬಿಟ್ಟು ನೋಡಿ. ಉತ್ತರ ಸರಿಯಾದರೆ ಕಾರ್ಡು ಮುಂದಿನ ಡಬ್ಬಕ್ಕೆ, ತಪ್ಪಾದರೆ ಮೊದಲನೆಯದಕ್ಕೆ. ದಿನಕ್ಕೆ ಹೊಸ ಕಾರ್ಡು ಹತ್ತಕ್ಕಿಂತ ಹೆಚ್ಚು ಬೇಡ. ಒಂದೂ ತಪ್ಪದಿದ್ದರೂ ಪ್ರತಿ ಕಾರ್ಡು ಐದು ಸಲ ಕೈಗೆ ಬರುತ್ತದೆ, ಅಂದರೆ ನಾಲ್ಕು ವಾರದ ಹೊತ್ತಿಗೆ ದಿನಕ್ಕೆ 50 ಕಾರ್ಡು ನೋಡಬೇಕಾಗುತ್ತದೆ. ಮೊದಲ ವಾರದ ಹುರುಪಿನಲ್ಲಿ ದಿನಕ್ಕೆ ಮೂವತ್ತು ಸೇರಿಸಿದವರು ಈ ಹೊರೆಗೇ ಸೋತು ಬಿಡುತ್ತಾರೆ.

ಗಣಿತದಲ್ಲಿ ನೆನಪಿಗಿಂತ ಆಯ್ಕೆ ಕಷ್ಟ. ವರ್ಗ ಸಮೀಕರಣದ ಅಭ್ಯಾಸದಲ್ಲಿ ಬರುವುದೆಲ್ಲ ವರ್ಗ ಸಮೀಕರಣದ್ದೇ ಲೆಕ್ಕ. ವಿಧಾನ ಯಾವುದು ಎಂದು ಪಾಠದ ಹೆಸರೇ ಹೇಳಿಬಿಟ್ಟಿರುತ್ತದೆ. ಪರೀಕ್ಷೆಯಲ್ಲಿ ಅದನ್ನು ಹೇಳುವವರಿಲ್ಲ. ಆದ್ದರಿಂದ ವಾರಕ್ಕೆರಡು ಸಲ ಸಮಾಂತರ ಶ್ರೇಢಿ, ತ್ರಿಕೋನಮಿತಿ, ಸಮರೂಪ ತ್ರಿಭುಜ, ವರ್ಗ ಸಮೀಕರಣಗಳಿಂದ ಹತ್ತು ಲೆಕ್ಕ ಆರಿಸಿ, ಕಲಸಿ, ಒಂದೊಂದಕ್ಕೂ ಮೊದಲ ಸಾಲು ಮಾತ್ರ ಬರೆಯಿರಿ: ಯಾವ ಸೂತ್ರ, ಪ್ರಶ್ನೆಯ ಯಾವ ಮಾತಿನಿಂದ ಗೊತ್ತಾಯಿತು. ಪೂರ್ತಿ ಬಿಡಿಸುವುದು ಬೇಡ, ಹದಿನೈದು ನಿಮಿಷದ ಕೆಲಸ. ಮೊದಮೊದಲು ಬಹಳ ತಪ್ಪಾಗುತ್ತದೆ, ಅದಕ್ಕೆ ಹೆದರಬೇಡಿ.

ಸೂತ್ರದ ಬಗ್ಗೆ ಸಂಶಯ ಬಂದರೆ ಸಂಖ್ಯೆ ಹಾಕಿ ನೋಡಿ. (ಎ + ಬಿ)² ಅಂದರೆ ಎ² + ಬಿ² ಎಂದು ಬರೆಯುವುದು ಬಹಳ ಸಾಮಾನ್ಯ ತಪ್ಪು. 3 ಮತ್ತು 4 ಹಾಕಿದರೆ ಒಂದು ಕಡೆ 49, ಇನ್ನೊಂದು ಕಡೆ 25 ಬರುತ್ತದೆ. 0 ಹಾಕಿ ನೋಡಬೇಡಿ, ಎರಡೂ ಕಡೆ ಸಮವಾಗಿ ಮೋಸಹೋಗುತ್ತೀರಿ. 1/2 + 1/3 = 2/5 ಎಂದು ಬರೆದವರು ಉತ್ತರವನ್ನೊಮ್ಮೆ ಅಂದಾಜು ಮಾಡಲಿ: 2/5 ಅರ್ಧಕ್ಕಿಂತ ಕಡಿಮೆ, ಅರ್ಧಕ್ಕೆ ಮತ್ತಷ್ಟು ಕೂಡಿಸಿದರೆ ಅದು ಕಡಿಮೆಯಾಗುವುದು ಹೇಗೆ?

ತಪ್ಪಿಗೊಂದು ಪುಸ್ತಕ ಇಡಿ. ಅದರಲ್ಲಿ ತಪ್ಪಿದ ಸಾಲು, ಸರಿಯಾದ ಸಾಲು, ಕಾರಣ ಇರಲಿ. ‘ಗಮನ ಕೊಡಲಿಲ್ಲ’ ಎಂಬುದನ್ನು ಕಾರಣ ಎಂದು ಬರೆಯಬಾರದು, ಅದರಿಂದ ಮುಂದೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ‘ಆವರಣದ ಹೊರಗಿನ ಋಣ ಚಿಹ್ನೆಯನ್ನು ಎರಡನೇ ಪದಕ್ಕೆ ಹಂಚಲಿಲ್ಲ’ ಎಂದು ಬರೆದರೆ ಮುಂದಿನ ಲೆಕ್ಕದಲ್ಲಿ ಕಣ್ಣು ಅಲ್ಲಿಗೇ ಹೋಗುತ್ತದೆ.

ಪಿಯುಸಿ ವಿಜ್ಞಾನಕ್ಕೆ ಹೋಗುವವರಿಗೆ ಈ ಎರಡೂ ವಿಷಯ ಕೂಡುವ ಜಾಗ ಒಂದಿದೆ, ಇಂಗ್ಲಿಷಿನಲ್ಲಿ ಕೊಟ್ಟ ಲೆಕ್ಕ. ಎಸ್ಸೆಸ್ಸೆಲ್ಸಿ ನಂತರದ ರಜೆಯಲ್ಲಿ ಅಂಶ–ನ್ಯೂಮರೇಟರ್, ಛೇದ–ಡಿನಾಮಿನೇಟರ್, ಲ.ಸಾ.ಅ–ಎಲ್‌ಸಿಎಂ ಎಂದು ಗೊತ್ತಿರುವ ಪದಗಳಿಗೇ ಕಾರ್ಡು ಮಾಡಿಕೊಳ್ಳಿ. ಲೆಕ್ಕವನ್ನು ಕನ್ನಡದಲ್ಲೇ ಯೋಚಿಸಿ, ನಾಚಿಕೆ ಬೇಡ. ‘ಫೈವ್ ಲೆಸ್ ದ್ಯಾನ್ ಎಕ್ಸ್’ ಎಂಬುದನ್ನು ಬಂದ ಸಾಲಿನಲ್ಲೇ 5 − ಎಕ್ಸ್ ಎಂದು ಬರೆದರೆ ತಪ್ಪು. ಅದನ್ನೇ ‘ಎಕ್ಸ್‌ಗಿಂತ 5 ಕಡಿಮೆ’ ಎಂದುಕೊಂಡರೆ ಎಕ್ಸ್ − 5 ಎಂಬ ಸರಿಯಾದ ಕ್ರಮ ತಾನಾಗಿ ಬರುತ್ತದೆ. ‘ಸಬ್‌ಟ್ರಾಕ್ಟ್ ಫೈವ್ ಫ್ರಂ ಎಕ್ಸ್’ ಎಂಬುದೂ ಹೀಗೇ: ‘ಎಕ್ಸ್‌ನಿಂದ 5 ಕಳೆ’.