ಗೋಧಿ ಬಿಡಬೇಕಾದ ಮಗು ಊಟಕ್ಕೆ ಹಟ ಹಿಡಿದಾಗ

ನಮ್ಮ ಮಗನಿಗೆ ಐದೂವರೆ ವರ್ಷವಾಗಿದ್ದಾಗ ಸೀಲಿಯಾಕ್ ಕಾಯಿಲೆಯಿದೆ ಎಂದು ಗೊತ್ತಾಯಿತು. ಆ ಹೊತ್ತಿಗೆ ಅವನು ಗಲಾಟೆಯಿಲ್ಲದೆ ತಿನ್ನುತ್ತಿದ್ದ ಪದಾರ್ಥಗಳು ಆರೇ ಆರು: ತುಪ್ಪ ಸಕ್ಕರೆ ಸವರಿ ಸುರುಳಿ ಸುತ್ತಿದ ಚಪಾತಿ, ಹಾಲಿನಲ್ಲಿ ಅದ್ದಿದ ಬಿಸ್ಕತ್ತು, ಶಾವಿಗೆ ಉಪ್ಪಿಟ್ಟು, ಸಾದಾ ದೋಸೆ, ಮೊಸರನ್ನ, ಬಾಳೆಹಣ್ಣು. ಇವುಗಳಲ್ಲಿ ಮೊದಲ ಮೂರನ್ನೂ ಜೀವನಪೂರ್ತಿ ಬಿಡಬೇಕೆಂದು ವೈದ್ಯರು ಹೇಳಿದಾಗ, ಇನ್ನು ಇವನು ಬದುಕುವುದು ಏನನ್ನು ತಿಂದು ಎಂಬ ಚಿಂತೆಯಲ್ಲಿ ನಾನು ಆ ರಾತ್ರಿ ನಿದ್ದೆ ಮಾಡಲಿಲ್ಲ. ಅದೇ ಸ್ಥಿತಿಯಲ್ಲಿರುವ ತಂದೆ ತಾಯಂದಿರಿಗಾಗಿ, ನಾವು ಮಾಡಿ ನೋಡಿ ಉಳಿಸಿಕೊಂಡ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಇದು ಮಕ್ಕಳ ವೈದ್ಯರ ಮತ್ತು ಆಹಾರತಜ್ಞರ ಸಲಹೆಯ ಜೊತೆಗೆ ಇಟ್ಟುಕೊಳ್ಳಬೇಕಾದದ್ದೇ ಹೊರತು ಅದರ ಬದಲಿಗಲ್ಲ.

ಕಾಯಿಲೆಯ ಸ್ವರೂಪವನ್ನು ಮೊದಲು ಮನೆಯವರೆಲ್ಲ ತಿಳಿದುಕೊಳ್ಳಬೇಕು. ಗೋಧಿ, ಬಾರ್ಲಿ ಮತ್ತು ರೈ ಎಂಬ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಹೊಟ್ಟೆಗೆ ಹೋದಾಗ, ಈ ಮಕ್ಕಳ ರೋಗನಿರೋಧಕ ವ್ಯವಸ್ಥೆಯು ಅವರ ಸಣ್ಣ ಕರುಳಿನ ಒಳಪದರದ ಮೇಲೆಯೇ ತಿರುಗಿ ಬೀಳುತ್ತದೆ. ಆಹಾರವನ್ನು ಹೀರಿಕೊಳ್ಳುವ ಬೆರಳಿನಂತಹ ಸೂಕ್ಷ್ಮ ಚಾಚುಗಳು ಸವೆದು ಚಪ್ಪಟೆಯಾಗುವುದರಿಂದ, ಮಗು ಎಷ್ಟೇ ತಿಂದರೂ ಮೈಗೆ ಹತ್ತುವುದಿಲ್ಲ. ರಕ್ತಹೀನತೆ, ಕುಂಠಿತ ಬೆಳವಣಿಗೆ, ಉಬ್ಬಿದ ಹೊಟ್ಟೆ, ಭೇದಿ ಅಥವಾ ಮಲಬದ್ಧತೆ ಇದರ ಹಿಂದೆ ಬರುತ್ತವೆ. ನೆದರ್ಲೆಂಡ್ಸಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ 1950ರ ತಮ್ಮ ಪ್ರಬಂಧದಲ್ಲಿ ಗೋಧಿಯ ಪಾತ್ರವನ್ನು ತೋರಿಸಿಕೊಟ್ಟಂದಿನಿಂದ ಇಂದಿನವರೆಗೂ ಚಿಕಿತ್ಸೆಯೆಂದರೆ ಪಥ್ಯವೊಂದೇ. ಆದರೆ ಆ ಪಥ್ಯಕ್ಕೆ ಕರುಳು ನಿಜವಾಗಿಯೂ ಸ್ಪಂದಿಸುತ್ತದೆ. ಮಕ್ಕಳಲ್ಲಿ ಸವೆದ ಚಾಚುಗಳು ಕೆಲವು ತಿಂಗಳುಗಳಿಂದ ಒಂದೆರಡು ವರ್ಷದೊಳಗೆ ಮತ್ತೆ ಬೆಳೆಯುತ್ತವೆ.

ಇಲ್ಲೊಂದು ಎಚ್ಚರಿಕೆಯನ್ನು ಹೇಳಲೇಬೇಕು. ಅನುಮಾನ ಬಂದೊಡನೆ ಮನೆಯಲ್ಲೇ ಗೋಧಿ ನಿಲ್ಲಿಸಬೇಡಿ. ಟಿಟಿಜಿ ಎಂಬ ರಕ್ತಪರೀಕ್ಷೆಯಾಗಲಿ, ಎಂಡೋಸ್ಕೋಪಿ ಮಾಡಿ ಕರುಳಿನ ಚೂರು ತೆಗೆದು ನೋಡುವ ಪರೀಕ್ಷೆಯಾಗಲಿ, ಮಗು ಗೋಧಿ ತಿನ್ನುತ್ತಿರುವಾಗ ಮಾತ್ರ ಸರಿಯಾದ ಉತ್ತರ ಕೊಡುತ್ತವೆ. ಮೊದಲೇ ಬಿಡಿಸಿದರೆ ಕಾಯಿಲೆ ಇದ್ದರೂ ಇಲ್ಲವೆಂದು ಬರಬಹುದು. ಹಾಗೆಯೇ, ಯಾರೋ ಹೇಳಿದರೆಂದು ಗೋಧಿಯ ಜೊತೆ ಹಾಲು, ಸಕ್ಕರೆ, ಬೇಳೆಗಳನ್ನೂ ಬಿಡಿಸಲು ಹೋಗಬೇಡಿ. ಮೊದಲೇ ತಿನ್ನದ ಮಗುವಿನ ತಟ್ಟೆಯಿಂದ ಬೇಡದ ಕಡೆ ಒಂದು ತುತ್ತನ್ನೂ ಕಸಿಯಬಾರದು. ಕರುಳು ತೀರ ಸವೆದಿದ್ದರೆ ಕೆಲವು ವಾರ ಹಾಲು ಜೀರ್ಣವಾಗದೆ ಹೋಗುವುದುಂಟು. ಅದನ್ನು ವೈದ್ಯರೇ ನಿರ್ಧರಿಸಲಿ.

ಮಗುವಿನ ಹಟದ ಬಗ್ಗೆ ನನ್ನ ಅಭಿಪ್ರಾಯ ಬದಲಾದದ್ದು ಕಾಯಿಲೆ ಗೊತ್ತಾದ ಮೇಲೆ. ಊಟವಾದಾಗಲೆಲ್ಲ ಹೊಟ್ಟೆ ನೋಯುವ ಮಗು ಹೊಸ ಪದಾರ್ಥವನ್ನು ಅನುಮಾನದಿಂದ ನೋಡುವುದು ಸಹಜ. ಕಬ್ಬಿಣ ಮತ್ತು ಸತುವಿನ ಕೊರತೆಯಿಂದ ಹಸಿವೂ ಕುಗ್ಗುತ್ತದೆ. ನಾವು ಸೊಕ್ಕು ಎಂದು ಗದರಿಸುತ್ತಿದ್ದದ್ದರಲ್ಲಿ ಒಂದು ಪಾಲು ನೋವೇ ಆಗಿತ್ತು ಎಂದು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಗ್ಲುಟೆನ್ ನಿಂತ ಮೇಲೆ ಹೆಚ್ಚಿನ ಮಕ್ಕಳಲ್ಲಿ ಹಸಿವು ನಿಧಾನವಾಗಿ ಮರಳುತ್ತದೆ. ಆದ್ದರಿಂದ ಮೊದಲ ಒಂದೆರಡು ತಿಂಗಳ ಹಟವನ್ನೇ ಕೊನೆಯ ಮಾತೆಂದು ತಿಳಿಯಬೇಡಿ.

ಈ ಅವಧಿಯಲ್ಲಿ ನಾವು ಹಿಡಿದ ನಿಯಮವೆಂದರೆ, ಗ್ಲುಟೆನ್ ವಿಷಯದಲ್ಲಿ ಕಲ್ಲಿನಂತಿರುವುದು, ಉಳಿದ ಎಲ್ಲದರಲ್ಲಿಯೂ ಬೆಣ್ಣೆಯಂತಿರುವುದು. ಪಥ್ಯವನ್ನೂ ಶಿಸ್ತನ್ನೂ ತರಕಾರಿಯನ್ನೂ ಒಟ್ಟಿಗೇ ಕಲಿಸಲು ಹೊರಟರೆ ಮೂರೂ ಕೆಡುತ್ತವೆ. ಮೊದಲ ಎರಡು ಮೂರು ವಾರ ಯಾವ ಹೊಸ ಪದಾರ್ಥವನ್ನೂ ಬಡಿಸಬೇಡಿ. ಮಗು ಈಗ ತಿನ್ನುತ್ತಿರುವುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಗ್ಲುಟೆನ್ ಇಲ್ಲದವುಗಳನ್ನು ಬೇರೆ ಮಾಡಿ, ಅವನ್ನೇ ಧಾರಾಳವಾಗಿ ಕೊಡಿ. ಮೂರು ಹೊತ್ತೂ ದೋಸೆ, ಮೊಸರನ್ನವೆಂದರೂ ಆ ಮೂರು ವಾರದಲ್ಲಿ ತೊಂದರೆಯಿಲ್ಲ. ನಮ್ಮ ಪುಣ್ಯಕ್ಕೆ ಕರ್ನಾಟಕದ ಅಡುಗೆಯಲ್ಲಿ ಇಡ್ಲಿ, ದೋಸೆ, ಪಡ್ಡು, ಅಕ್ಕಿ ಕಡುಬು, ಅಕ್ಕಿ ರೊಟ್ಟಿ, ಜೋಳದ ರೊಟ್ಟಿ, ಮುದ್ದೆ, ಅವಲಕ್ಕಿ, ಮಂಡಕ್ಕಿ ಎಲ್ಲವೂ ಹುಟ್ಟಿನಿಂದಲೇ ಗ್ಲುಟೆನ್ ಇಲ್ಲದವು. ಇಡ್ಲಿ ರವೆ ಅಕ್ಕಿಯದು, ಅದು ಆಗುತ್ತದೆ. ರವೆ ಇಡ್ಲಿ, ಉಪ್ಪಿಟ್ಟು, ಕೇಸರಿಬಾತು ಗೋಧಿಯವು, ಆಗುವುದಿಲ್ಲ. ಉತ್ತರ ಕರ್ನಾಟಕದ ಖಪ್ಲಿ ಗೋಧಿ ಹಳೆಯ ತಳಿ, ಜೀರ್ಣಕ್ಕೆ ಒಳ್ಳೆಯದು ಎಂದು ಹಲವರು ಹೇಳುತ್ತಾರೆ. ಆದರೆ ಅದರಲ್ಲಿಯೂ ಗ್ಲುಟೆನ್ ಇದೆ, ಈ ಮಕ್ಕಳಿಗೆ ಅದೂ ನಿಷಿದ್ಧ.

ಬಿಡಬೇಕಾದ ಪದಾರ್ಥಗಳಿಗೆ ಜೋಡಿ ಹುಡುಕುವುದು ಮುಂದಿನ ಕೆಲಸ. ಆ ಪದಾರ್ಥದಲ್ಲಿ ಮಗುವಿಗೆ ಏನು ಇಷ್ಟ ಎಂಬುದನ್ನು ಕಂಡುಕೊಂಡರೆ ಅರ್ಧ ದಾರಿ ಸಾಗಿದಂತೆ. ನಮ್ಮವನಿಗೆ ಬೇಕಾಗಿದ್ದದ್ದು ಗೋಧಿಯ ರುಚಿಯಲ್ಲ. ಮೆತ್ತಗೆ, ಬೆಚ್ಚಗೆ, ಸುರುಳಿಯಾಗಿ ಕೈಯಲ್ಲಿ ಹಿಡಿಯುವ ವಸ್ತು. ಜೋಳದ ರೊಟ್ಟಿ ಅಂಚಿನಲ್ಲಿ ಮುರಿಯಿತು, ಅವನು ಅದನ್ನು ದೂಡಿದ. ಕೊನೆಗೆ ನಮ್ಮನ್ನು ಕಾಪಾಡಿದ್ದು ಮಲೆನಾಡಿನ ಉಕ್ಕರಿಸಿದ ಅಕ್ಕಿ ರೊಟ್ಟಿ. ಒಂದು ಲೋಟ ನೀರಿಗೆ ಉಪ್ಪು ಮತ್ತು ಒಂದು ಚಮಚ ತುಪ್ಪ ಹಾಕಿ ಕುದಿಸಿ, ಉರಿ ಸಣ್ಣ ಮಾಡಿ, ಒಂದು ಲೋಟ ನುಣ್ಣನೆಯ ಅಕ್ಕಿ ಹಿಟ್ಟು ಸುರಿದು, ಮುಚ್ಚಿ ಎರಡು ಮೂರು ನಿಮಿಷ ಬಿಡಬೇಕು. ಕೈ ತಾಳುವಷ್ಟು ಬಿಸಿ ಇರುವಾಗಲೇ ಕೈಗೆ ನೀರು ಮುಟ್ಟಿಸಿಕೊಂಡು, ಬಿರುಕು ಕಾಣದಷ್ಟು ಚೆನ್ನಾಗಿ ನಾದಬೇಕು. ಆರಿದ ಮೇಲೆ ನಾದಿದರೆ ಅಂಚು ಒಡೆಯುತ್ತದೆ. ಅಕ್ಕಿ ಹಿಟ್ಟನ್ನೇ ಉದುರಿಸಿ ತೆಳ್ಳಗೆ ಲಟ್ಟಿಸಿ, ಕಾವಲಿಯ ಮೇಲೆ ಎರಡೂ ಬದಿ ಬೇಯಿಸಿ, ಕೊನೆಗೆ ನೇರ ಉರಿಗೆ ಹಿಡಿದರೆ ಪೂರಿಯಂತೆ ಉಬ್ಬುತ್ತದೆ. ಮೊದಲ ದಿನ ಅದು ಉಬ್ಬುವುದನ್ನು ಅವನು ಕುರ್ಚಿಯ ಮೇಲೆ ನಿಂತು ನೋಡಿದ. ತುಪ್ಪ ಸಕ್ಕರೆ ಸವರಿ ಸುರುಳಿ ಸುತ್ತಿ ಕೊಟ್ಟಾಗ ಒಂದು ತುದಿ ಕಚ್ಚಿ, "ಇದು ಬಿಳಿ ಚಪಾತಿ" ಎಂದು ತಾನೇ ಹೆಸರಿಟ್ಟ. ಇಂದಿಗೂ ನಮ್ಮ ಮನೆಯಲ್ಲಿ ಅದರ ಹೆಸರು ಅದೇ.

ಶಾವಿಗೆಗೆ ಜೋಡಿ ಸುಲಭ, ಅಕ್ಕಿಯ ಒತ್ತು ಶಾವಿಗೆ. ಆದರೆ ಅಂಗಡಿಯ ರಾಗಿ ಶಾವಿಗೆಯ ಪೊಟ್ಟಣದ ಹಿಂಭಾಗವನ್ನು ಓದದೆ ತರಬೇಡಿ, ಅದರಲ್ಲಿ ಹಲವು ಬಾರಿ ಗೋಧಿ ಹಿಟ್ಟು ಬೆರೆತಿರುತ್ತದೆ. ಬಿಸ್ಕತ್ತಿಗೆ ಮಾತ್ರ ನಮಗೆ ಜೋಡಿ ಸಿಗಲಿಲ್ಲ. ನಾಲ್ಕು ಬಗೆ ತಂದು ನೋಡಿದೆವು, ಯಾವುದೂ ಹಾಲಿನಲ್ಲಿ ಅವನಿಗೆ ಬೇಕಾದಂತೆ ಮೆತ್ತಗಾಗಲಿಲ್ಲ. ಅದು ಇನ್ನು ಇಲ್ಲವೆಂದು ನೇರವಾಗಿ ಹೇಳಿದೆವು; ಅವನು ಎರಡು ದಿನ ಅತ್ತ, ನಾವು ಸಮಾಧಾನ ಮಾಡಿದೆವು.

ಅಡುಗೆಮನೆಯಲ್ಲಿ ಅಡಗಿರುವ ಗೋಧಿಯೇ ನಿಜವಾದ ಶತ್ರು. ದಿನಕ್ಕೆ ಕೇವಲ 50 ಮಿಲಿಗ್ರಾಂ ಗ್ಲುಟೆನ್ ಮೂರು ತಿಂಗಳು ಹೊಟ್ಟೆಗೆ ಸೇರಿದರೂ ಕರುಳಿಗೆ ಮತ್ತೆ ಹಾನಿಯಾಗುತ್ತದೆ ಎಂದು ಸಂಶೋಧಕರು ತೋರಿಸಿದ್ದಾರೆ. ಒಂದು ಬ್ರೆಡ್ ಹೋಳಿನಲ್ಲಿ ಅದರ ಹತ್ತಾರು ಪಟ್ಟು ಇರುತ್ತದೆ. ನಮಗೆ ಹೊಡೆತ ಕೊಟ್ಟದ್ದು ಇಂಗು. ಅಂಗಡಿಯ ಇಂಗಿನ ಡಬ್ಬಿಯಲ್ಲಿ ನಿಜವಾದ ಇಂಗು ಸ್ವಲ್ಪವೇ, ಉಳಿದದ್ದು ಗೋಂದು ಮತ್ತು ಹಿಟ್ಟು, ಆ ಹಿಟ್ಟು ಸಾಮಾನ್ಯವಾಗಿ ಗೋಧಿ ಅಥವಾ ಮೈದಾ. ಎರಡು ತಿಂಗಳು ಚಪಾತಿಯನ್ನು ಮನೆಯೊಳಗೆ ಬಿಡದೆ, ದಿನವೂ ಸಾರಿನ ಒಗ್ಗರಣೆಗೆ ಅದೇ ಇಂಗನ್ನು ಹಾಕುತ್ತಿದ್ದೆ. ಅಕ್ಕಿ ಹಿಟ್ಟು ಸೇರಿಸಿದ ಇಂಗು ಸಿಗುತ್ತದೆ, ಇಲ್ಲವಾದರೆ ಬೆಳ್ಳುಳ್ಳಿ ಒಗ್ಗರಣೆ ಸಾಕು. ಸಿದ್ಧ ಸಾಂಬಾರ್ ಪುಡಿ, ಪುಳಿಯೋಗರೆ ಗೊಜ್ಜು, ಉಪ್ಪಿನಕಾಯಿ, ಹಪ್ಪಳಗಳಲ್ಲಿಯೂ ಇದೇ ಇಂಗು ಬರುತ್ತದೆ.

ಎರಡನೆಯದು ಹಿಟ್ಟಿನ ಗಿರಣಿ. ಗೋಧಿ ಬೀಸಿದ ಕಲ್ಲಿನಲ್ಲಿಯೇ ರಾಗಿ, ಜೋಳ, ಕಡಲೆ ಬೀಸಿದರೆ ಆ ಹಿಟ್ಟು ಈ ಮಕ್ಕಳಿಗೆ ಸುರಕ್ಷಿತವಲ್ಲ. ಇಡೀ ಧಾನ್ಯವನ್ನು ತಂದು, ಆರಿಸಿ, ತೊಳೆದು, ಒಣಗಿಸಿ ಮನೆಯಲ್ಲಿಯೇ ಬೀಸಿಕೊಳ್ಳಬೇಕು, ಅಥವಾ ಗ್ಲುಟೆನ್ ರಹಿತ ಎಂದು ಮುದ್ರಿಸಿದ ಪೊಟ್ಟಣವನ್ನು ಕೊಳ್ಳಬೇಕು. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಹಾಗೆ ಮುದ್ರಿಸಲು ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಕೂಡದು. ಕಾವಲಿ, ಲಟ್ಟಣಿಗೆ, ಜರಡಿ, ಮರದ ಸೌಟು ಇವುಗಳನ್ನು ಮಗುವಿಗೆ ಬೇರೆಯೇ ಇಡಿ; ಜರಡಿಯ ಕಣ್ಣಿನಲ್ಲಿ ಸಿಕ್ಕಿಕೊಂಡ ಹಿಟ್ಟು ಎಷ್ಟು ತೊಳೆದರೂ ಹೋಗುವುದಿಲ್ಲ. ಸಾಧ್ಯವಿದ್ದರೆ ಮೊದಲ ಆರು ತಿಂಗಳು ಇಡೀ ಮನೆಯೇ ಗೋಧಿ ಬಿಡುವುದು ಒಳ್ಳೆಯದೆಂದು ನಾನು ಒತ್ತಿ ಹೇಳುತ್ತೇನೆ. ಅಪ್ಪನ ತಟ್ಟೆಯಲ್ಲಿ ಪೂರಿ ಉಬ್ಬಿ ಕುಳಿತಿರುವಾಗ ಮಗನಿಗೆ ಮಾತ್ರ ಪಥ್ಯ ಬೋಧಿಸುವುದು ಕ್ರೂರವಾಗುತ್ತದೆ.

ಮಗು ನೆಮ್ಮದಿಯಾಗಿ ಉಣ್ಣಲು ತೊಡಗಿದ ಮೇಲೆ ಹೊಸ ಪದಾರ್ಥಗಳನ್ನು ಒಂದೊಂದಾಗಿ ತರಬೇಕು. ಅನ್ನ ಒಂದರಲ್ಲೇ ದಿನ ತಳ್ಳಿದರೆ ನಾರಿನಂಶ, ಕಬ್ಬಿಣ, ಬಿ ಜೀವಸತ್ವಗಳು ಸಾಲದೆ ಹೋಗುತ್ತವೆ. ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವ ನೂರು ಗ್ರಾಂ ರಾಗಿಗೆ ಸಮನಾದ ಧಾನ್ಯ ನಮ್ಮಲ್ಲಿ ಇನ್ನೊಂದಿಲ್ಲವಾದ್ದರಿಂದ ನಾವು ರಾಗಿಯಿಂದಲೇ ಆರಂಭಿಸಿದೆವು. ದೋಸೆ ಹಿಟ್ಟಿನ ಒಂದು ಬಟ್ಟಲಿಗೆ ಒಂದು ಚಮಚ ರಾಗಿ ಹಿಟ್ಟು, ಮುಂದಿನ ವಾರ ಎರಡು ಚಮಚ, ಹೀಗೆ ದೋಸೆಯ ಬಣ್ಣ ವಾರದಿಂದ ವಾರಕ್ಕೆ ಗಾಢವಾಗುತ್ತ ಹೋಯಿತು. ಇದನ್ನು ಅವನಿಂದ ಮುಚ್ಚಿಡಲಿಲ್ಲ, ಚಮಚ ಅವನ ಕೈಗೇ ಕೊಟ್ಟೆ. ಕದ್ದು ಬೆರೆಸಿದ್ದು ಗೊತ್ತಾದರೆ ಮಗು ಉಳಿದ ಸುರಕ್ಷಿತ ಪದಾರ್ಥವನ್ನೂ ನಂಬುವುದಿಲ್ಲ, ಮತ್ತು ಈ ಪಥ್ಯದಲ್ಲಿ ಮನೆಯ ಅಡುಗೆಯ ಮೇಲಿನ ನಂಬಿಕೆಯೇ ಅವನ ದೊಡ್ಡ ಆಸ್ತಿ.

ಹೊಸ ರುಚಿಯೊಂದನ್ನು ಒಪ್ಪಿಕೊಳ್ಳಲು ಮಕ್ಕಳಿಗೆ ಹತ್ತು ಹದಿನೈದು ಬಾರಿ ಅದರ ಪರಿಚಯವಾಗಬೇಕಾಗಬಹುದು. ಹೆಚ್ಚಿನ ಮನೆಗಳಲ್ಲಿ ಮೂರನೆಯ ಬಾರಿಗೇ ಕೈಬಿಡುತ್ತಾರೆ. ತಟ್ಟೆಯ ಅಂಚಿನಲ್ಲಿ ಅವರೆಕಾಳಿನಷ್ಟು ಬಡಿಸಿ ಸುಮ್ಮನಿರಿ. ಮುಟ್ಟಿದರೂ, ಮೂಸಿದರೂ, ನೆಕ್ಕಿ ಬಿಟ್ಟರೂ ಅದು ಒಂದು ಹೆಜ್ಜೆ. ಅಮೆರಿಕದ ಆಹಾರತಜ್ಞೆ ಎಲಿನ್ ಸ್ಯಾಟರ್ ಹೇಳಿದ ಪಾಲುಗಾರಿಕೆ ನಮಗೆ ಬಹಳ ಉಪಕಾರವಾಯಿತು: ಏನು, ಯಾವಾಗ, ಎಲ್ಲಿ ಬಡಿಸಬೇಕೆಂಬುದು ದೊಡ್ಡವರ ಕೆಲಸ, ತಿನ್ನಬೇಕೇ, ಎಷ್ಟು ತಿನ್ನಬೇಕು ಎಂಬುದು ಮಗುವಿನ ಕೆಲಸ. ಪ್ರತಿ ಊಟದಲ್ಲಿ ಅವನು ಖಂಡಿತ ತಿನ್ನುವ ಒಂದು ಪದಾರ್ಥವಿರಲಿ. ಬಾಯಿಗೆ ತುರುಕುವುದು, ಮೊಬೈಲ್ ತೋರಿಸಿ ಮರೆಸುವುದು, ಮುಗಿಸಿದರೆ ಚಾಕೊಲೇಟ್ ಎನ್ನುವುದು ಮೂರನ್ನೂ ನಿಲ್ಲಿಸಿದ ಮೇಲೆಯೇ ನಮ್ಮ ಊಟದ ಹೊತ್ತು ಶಾಂತವಾಯಿತು.

ಮನೆಯ ಹೊರಗಿನ ಪ್ರಪಂಚಕ್ಕೆ ಮಗುವಿನ ಬಾಯಲ್ಲಿ ಒಂದು ಸಿದ್ಧ ವಾಕ್ಯವಿರಬೇಕು. "ನಂಗೆ ಗೋಧಿ ಆಗಲ್ಲ, ಅಮ್ಮನ್ನ ಕೇಳಿ" ಎಂಬುದನ್ನು ಆಟವಾಡಿಸುತ್ತ ಕಲಿಸಿದೆವು. ಶಾಲೆಯಲ್ಲಿ ಹುಟ್ಟುಹಬ್ಬದ ಕೇಕ್ ಹಂಚುವ ದಿನಕ್ಕಾಗಿ ಟೀಚರ್ ಬಳಿ ಕೊಬ್ಬರಿ ಮಿಠಾಯಿಯ ಒಂದು ಡಬ್ಬಿ ಇಟ್ಟಿದ್ದೇವೆ. ಆಟದ ಬಣ್ಣದ ಹಿಟ್ಟಿನಲ್ಲಿಯೂ ಗೋಧಿ ಇರುತ್ತದೆ, ಆಡಿದ ಮೇಲೆ ಕೈ ತೊಳೆಸಲು ಹೇಳಿಡಿ. ಮದುವೆ ಮನೆಗೆ ಡಬ್ಬಿ ಕಟ್ಟಿಕೊಂಡು ಹೋಗಿ. ಒಂದೇ ಎಣ್ಣೆಯಲ್ಲಿ ಪೂರಿ ಕರಿದು ಹಪ್ಪಳ ಕರಿಯುವ ಕಡೆ ಅನ್ನ ಮೊಸರು ಬಿಟ್ಟು ಬೇರೇನನ್ನೂ ನಾವು ಕೊಡುವುದಿಲ್ಲ.

ಪ್ರಸಾದದ ವಿಷಯ ಸೂಕ್ಷ್ಮವಾದದ್ದು. ಸತ್ಯನಾರಾಯಣ ಪೂಜೆಯ ಸಪಾದ ಭಕ್ಷ್ಯ ಗೋಧಿ ರವೆಯದು. "ದೇವರ ಪ್ರಸಾದ, ಚಿಟಿಕೆ ತಿಂದರೆ ಏನೂ ಆಗೋಲ್ಲ ಕಣಮ್ಮ" ಎಂದು ನಮ್ಮ ಅತ್ತೆಯವರು ಮೊದಲ ವರ್ಷ ನೊಂದುಕೊಂಡರು. ನಾನು ಅವರೊಡನೆ ವಾದಿಸಲಿಲ್ಲ, ಮುಂದಿನ ತಪಾಸಣೆಗೆ ಅವರನ್ನೂ ಕರೆದುಕೊಂಡು ಹೋದೆ. ಕರುಳಿನ ಚಿತ್ರವನ್ನು ತೋರಿಸಿ ವೈದ್ಯರು ಹೇಳಿದ್ದನ್ನು ಅವರು ಪೂರ್ತಿ ಕೇಳಿಸಿಕೊಂಡರು. ಈಗ ಪೂಜೆಯ ದಿನ ಮೊದಲು ಪಂಚಾಮೃತ ಮತ್ತು ಬಾಳೆಹಣ್ಣನ್ನು ಮೊಮ್ಮಗನಿಗೆಂದು ಬೇರೆ ಬಟ್ಟಲಿನಲ್ಲಿ ಎತ್ತಿಟ್ಟು, ಆಮೇಲೆ ಸಪಾದಕ್ಕೆ ಕೈ ಹಾಕುವವರು ಅವರೇ.

ಎಷ್ಟೇ ಕಾದರೂ ಒಮ್ಮೆ ತಪ್ಪುತ್ತದೆ. ಗೆಳೆಯನ ಡಬ್ಬಿಯಿಂದ ಮಗು ಒಂದು ತುಂಡು ತಿಂದು ಬಂದಾಗ ಬೈಯಬೇಡಿ. ಬೈದರೆ ಮುಂದಿನ ಬಾರಿ ಅವನು ಹೇಳುವುದಿಲ್ಲ. ಏನು, ಎಷ್ಟು ಎಂದು ಕೇಳಿ ಬರೆದಿಟ್ಟು, ಮರುದಿನದಿಂದ ಪಥ್ಯ ಮುಂದುವರಿಸಿ. ಆದರೆ ತಿನ್ನುವ ಪದಾರ್ಥಗಳ ಸಂಖ್ಯೆ ಇನ್ನೂ ಇಳಿಯುತ್ತ ಹೋದರೆ, ತುತ್ತು ಕಂಡೊಡನೆ ವಾಕರಿಕೆ ಬಂದರೆ, ಅಥವಾ ತೂಕ ಏರದೆ ನಿಂತರೆ ಅದು ಸಾಮಾನ್ಯ ಹಟವಲ್ಲ, ತಡಮಾಡದೆ ವೈದ್ಯರಿಗೆ ತಿಳಿಸಬೇಕು.

ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಟಿಟಿಜಿ, ಹಿಮೋಗ್ಲೋಬಿನ್, ಎತ್ತರ, ತೂಕಗಳನ್ನು ನೋಡುತ್ತಾರೆ. ಪಥ್ಯ ಸರಿಯಾಗಿದ್ದರೆ ಟಿಟಿಜಿ ಇಳಿಯುತ್ತ ಬರುತ್ತದೆ. ಇಳಿಯದಿದ್ದರೆ ಇಂಗಿನಂತಹದ್ದು ಎಲ್ಲೋ ಅಡಗಿದೆ ಎಂದು ಅಡುಗೆಮನೆಯನ್ನು ಮತ್ತೆ ಜಾಲಾಡಿ. ಕಾಯಿಲೆ ವಂಶದಲ್ಲಿ ಹರಿಯುವಂಥದ್ದಾದ್ದರಿಂದ ಒಡಹುಟ್ಟಿದವರಿಗೂ ತಂದೆ ತಾಯಿಗೂ ಲಕ್ಷಣವಿಲ್ಲದಿದ್ದರೂ ಅದೇ ರಕ್ತಪರೀಕ್ಷೆ ಮಾಡಿಸಬೇಕು, ಅವರು ಇನ್ನೂ ಗೋಧಿ ತಿನ್ನುತ್ತಿರುವಾಗಲೇ. ಇಡೀ ಮನೆಗೆ ಗೋಧಿ ನಿಲ್ಲಿಸುವ ಮುನ್ನ ಮಾಡಬೇಕಾದ ಕೆಲಸ ಇದೊಂದು.