ಊರ ಹೆಸರಿನ ಕೆರೆ ಬೇಡ, ನೀರಿನ ಕೆರೆ ಬೇಕು: ವಿಕಿಡೇಟಾದಲ್ಲಿ ಹುಡುಕುವ ಬಗೆ

‘ತುಮಕೂರು ಜಿಲ್ಲೆಯ ಕೆರೆಗಳು’ ಎಂದು ಹುಡುಕಿದರೆ ತುರುವೇಕೆರೆಯೂ ನುಸುಳುತ್ತದೆ. ಅದು ತಾಲ್ಲೂಕು ಕೇಂದ್ರ. ಅಕ್ಷರ ಹೊಂದಿಸುವ ಹುಡುಕಾಟಕ್ಕೆ ಈ ವ್ಯತ್ಯಾಸ ತಿಳಿಯದು. ಇಂಗ್ಲಿಷಿನ ‘ಟ್ಯಾಂಕ್’ ಇನ್ನೂ ಕಷ್ಟ: ಕೆರೆಗೂ ಅದೇ ಪದ, ಓವರ್‌ಹೆಡ್ ಟ್ಯಾಂಕಿಗೂ ಅದೇ ಪದ. ಹಾಗಾಗಿ ಹೆಸರು ಬಿಟ್ಟು ಅರ್ಥ ಹಿಡಿದು ಹುಡುಕಬೇಕು.

ವಿಕಿಡೇಟಾ ಎಂದರೆ ಯಾರು ಬೇಕಾದರೂ ತಿದ್ದಬಹುದಾದ ಮುಕ್ತ ದತ್ತಾಂಶ ಸಂಗ್ರಹ. ಅದರಲ್ಲಿ ದಾಖಲಾದ ಪ್ರತಿ ಸ್ಥಳಕ್ಕೂ ಒಂದು ಕ್ಯೂ (Q) ಸಂಖ್ಯೆ, ಅಂದರೆ ಅದಕ್ಕೇ ಮೀಸಲಾದ ಗುರುತು ಇರುತ್ತದೆ; ಅದರ ಗುಣಗಳಿಗೆ ಪಿ (P) ಸಂಖ್ಯೆ. ನಮಗೆ ಬೇಕಾದ ಗುಣಗಳು ಮೂರು: ಪಿ31 ಅಂದರೆ ಯಾವ ಬಗೆಯದು, ಪಿ131 ಅಂದರೆ ಯಾವ ಆಡಳಿತ ಘಟಕದೊಳಗಿದೆ, ಪಿ625 ಅಂದರೆ ಅಕ್ಷಾಂಶ-ರೇಖಾಂಶ.

ಮೊದಲು ಜಿಲ್ಲೆಯ ಕ್ಯೂ ಸಂಖ್ಯೆ ಗುರುತಿಸಿಕೊಳ್ಳಿ. ‘ತುಮಕೂರು’ ಎಂದರೆ ನಗರ, ಜಿಲ್ಲೆ, ಲೋಕಸಭಾ ಕ್ಷೇತ್ರ ಎಲ್ಲವೂ ಇವೆ. ವಿವರಣೆ ಓದಿ ಜಿಲ್ಲೆಯನ್ನೇ ಆರಿಸಿ. ತುಮಕೂರಿನ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ರಂದು ಬದಲಾಗಿದೆ, ಶಿಡ್ಲಘಟ್ಟವನ್ನು ಸಿಡ್ಲಘಟ್ಟ ಎಂದೂ ಬರೆಯುತ್ತಾರೆ. ಸಂಖ್ಯೆ ಹಿಡಿದರೆ ಈ ಗೊಂದಲವಿಲ್ಲ.

ಇನ್ನು ವಿಕಿಡೇಟಾ ಕ್ವೆರಿ ಬಿಲ್ಡರ್ (ಷರತ್ತುಗಳನ್ನು ಆರಿಸಿ ಹುಡುಕುವ ಪುಟ) ತೆರೆಯಿರಿ. ಮೊದಲ ಷರತ್ತಿನಲ್ಲಿ ಪಿ31, ಬೆಲೆಯಾಗಿ (ಅಂದರೆ ಆ ಗುಣಕ್ಕೆ ಕೊಡುವ ಉತ್ತರವಾಗಿ) ಕೆರೆ (ಕ್ಯೂ23397). ಎರಡನೆಯದರಲ್ಲಿ ಪಿ131, ಬೆಲೆಯಾಗಿ ನಿಮ್ಮ ಜಿಲ್ಲೆ. ಸಂಬಂಧಿಸಿದ ಬೆಲೆಗಳನ್ನೂ ಸೇರಿಸುವ ಚೌಕಕ್ಕೆ ಗುರುತು ಹಾಕುವುದನ್ನು ಮರೆಯಬೇಡಿ. ಮರೆತರೆ ‘ಕೆರೆ’ಯ ಉಪವರ್ಗವಾಗಿ ದಾಖಲಾದದ್ದು ಪಟ್ಟಿಗೆ ಬರುವುದೇ ಇಲ್ಲ. ಜಲಾಶಯ (ಕ್ಯೂ131681) ಹಾಕಿ ಇನ್ನೊಮ್ಮೆ ಓಡಿಸಿ; ಕೆರೆಯನ್ನು ಯಾರು ಯಾವ ಬಗೆಯಡಿ ಸೇರಿಸಿದ್ದಾರೋ ಹೇಳಲಾಗದು. ಫಲಿತಾಂಶದ ಮಿತಿ 100 ಎಂದಿದ್ದರೆ ಹೆಚ್ಚಿಸಿ.

ಪಿ131 ಬಹಳ ಸಲ ತಾಲ್ಲೂಕನ್ನು ತೋರಿಸುತ್ತದೆ, ತಾಲ್ಲೂಕು ಜಿಲ್ಲೆಯನ್ನು. ವಿಕಿಡೇಟಾದ ಕ್ವೆರಿ ಸರ್ವೀಸಿನಲ್ಲಿ ನೀವೇ ಸ್ಪಾರ್ಕಲ್ (SPARQL ಎಂಬ ಪ್ರಶ್ನೆ ಭಾಷೆ) ಬರೆಯುವುದಾದರೆ ಪಿ131ರ ನಂತರ ನಕ್ಷತ್ರ ಚಿಹ್ನೆ (*) ಹಾಕಿ, ಆಗ ಎಷ್ಟು ಮೆಟ್ಟಿಲಾದರೂ ಹತ್ತುತ್ತದೆ. ಉಪವರ್ಗಗಳೂ ಬರಲು ಪಿ31ರ ನಂತರ ಓರೆಗೆರೆ (/), ಪಿ279 (ಯಾವುದರ ಉಪವರ್ಗ ಎನ್ನುವ ಗುಣ), ನಕ್ಷತ್ರ. ಪಿ625ರ ಸಾಲನ್ನು ‘ಆಪ್ಷನಲ್’ ಒಳಗಿಡಿ. ಇಲ್ಲವಾದರೆ ನಿರ್ದೇಶಾಂಕ ಇಲ್ಲದ ಕೆರೆಗಳು ಸದ್ದಿಲ್ಲದೆ ಬಿದ್ದುಹೋಗುತ್ತವೆ. ಹೆಸರಿನ ಜಾಗದಲ್ಲಿ ಕ್ಯೂ ಸಂಖ್ಯೆ ಕಂಡರೆ ಕನ್ನಡ ಹೆಸರು ದಾಖಲಾಗಿಲ್ಲವೆಂದೇ ಅರ್ಥ. ಭಾಷಾ ಪಟ್ಟಿಯಲ್ಲಿ ಕನ್ನಡದ ನಂತರ ಇಂಗ್ಲಿಷನ್ನೂ ಸೇರಿಸಿ. ಒಂದು ಪ್ರಶ್ನೆಗೆ 60 ಸೆಕೆಂಡಷ್ಟೇ ಗಡುವು. ಮೀರಿದರೆ ತಾಲ್ಲೂಕುವಾರು ಒಡೆಯಿರಿ.

ಚಿಕ್ಕಬಳ್ಳಾಪುರದವರು ವಿಶೇಷವಾಗಿ ಗಮನಿಸಬೇಕು. ಆ ಜಿಲ್ಲೆ ಕೋಲಾರದಿಂದ ಬೇರೆಯಾದದ್ದು 2007ರಲ್ಲಿ. ಹಳೆಯ ಆಕರದಿಂದ ತುಂಬಿದ ಚಿಂತಾಮಣಿ, ಗೌರಿಬಿದನೂರು ಕಡೆಯ ಸ್ಥಳಗಳು ಇನ್ನೂ ಕೋಲಾರದಡಿ ಇರಬಹುದು. ಎರಡೂ ಜಿಲ್ಲೆಗಳಲ್ಲಿ ಹುಡುಕಿ.

ಕ್ವೆರಿ ಸರ್ವೀಸಿನಲ್ಲಿ ದೂರ ಹಿಡಿದು ಹುಡುಕುವ ‘ಅರೌಂಡ್’ ಸೇವೆಗೆ ಕೇಂದ್ರಬಿಂದು ಮತ್ತು ಕಿಲೋಮೀಟರಿನಲ್ಲಿ ತ್ರಿಜ್ಯ ಕೊಡಬೇಕು. ಬಿಂದುವಿನಲ್ಲಿ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ: ಕೋಲಾರಕ್ಕೆ 78.13, ನಂತರ 13.14. ಅದಲು ಬದಲಾದರೆ ಆರ್ಕ್‌ಟಿಕ್‌ನ ಸ್ವಾಲ್ಬಾರ್ಡ್ ಹತ್ತಿರ ಹೋಗಿ ಹುಡುಕುತ್ತೀರಿ! ಪಾವಗಡಕ್ಕಂತೂ ಈ ವಿಧಾನ ಹೊಂದದು. ಸುತ್ತ ಬಹುತೇಕ ಆಂಧ್ರವೇ ಇರುವುದರಿಂದ ವೃತ್ತದೊಳಗೆ ಅಲ್ಲಿನ ಕೆರೆಗಳೂ ಸೇರುತ್ತವೆ. ಅಲ್ಲಿ ಪಿ131 ಒಂದೇ ದಾರಿ.

ವಿಕಿಡೇಟಾದಲ್ಲಿ ಸೇರದ ಸಣ್ಣ ಕುಂಟೆ, ಕಟ್ಟೆಗಳಿಗೆ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕಾಶೆ ನೋಡಿ. ಅದರೊಳಗೆ ಹುಡುಕುವ ಓವರ್‌ಪಾಸ್ ಟರ್ಬೊ ಪುಟದಲ್ಲಿ ‘ನ್ಯಾಚುರಲ್’ ಕೀಲಿಗೆ ‘ವಾಟರ್’ ಬೆಲೆ ಕೇಳಿ. ಬರೀ ‘ನೋಡ್’ (ಒಂದೇ ಬಿಂದು) ಕೇಳಿದರೆ ಹೆಚ್ಚುಕಡಿಮೆ ಏನೂ ಸಿಗದು, ಕೆರೆಗಳನ್ನು ಅಲ್ಲಿ ಅಂಚು ಎಳೆದು ಬಹುಭುಜವಾಗಿ ಬರೆದಿರುತ್ತಾರೆ. ‘ವೇ’ (ಬಿಂದುಗಳನ್ನು ಜೋಡಿಸಿದ ಗೆರೆ), ‘ರಿಲೇಶನ್’ (ಅಂಥವುಗಳ ಗುಂಪು) ಎರಡನ್ನೂ ಕೇಳಿ.

ಪಟ್ಟಿ ಬಂದ ಮೇಲೆ ನಿಮಗೆ ಚೆನ್ನಾಗಿ ಗೊತ್ತಿರುವ ನಾಲ್ಕೈದು ಕೆರೆಗಳು ಅದರಲ್ಲಿವೆಯೇ ನೋಡಿ. ಒಂದು ತಪ್ಪಿಹೋಗಿದ್ದರೆ ಅದರ ಪುಟ ತೆರೆದು ಪಿ31, ಪಿ131 ಏನೆಂದಿವೆ ಪರೀಕ್ಷಿಸಿ. ತಪ್ಪಿದ್ದರೆ ಆಕರದೊಡನೆ ಅಲ್ಲೇ ತಿದ್ದಬಹುದು.